ಅಪ್ಪ ಬಚ್ಚಿಟ್ಟುಕೊಂಡ ಉಸಿರು

ಮೂತ್ರಪಿಂಡ ಒಂದು ಕಡೆ ನೆಟ್ಟಗೆ ಕೂತಿರುವುದಿಲ್ಲ, ಉಸಿರಿನ ಜೊತೆ ಮೇಲೆ ಕೆಳಗೆ ಜಾರುತ್ತಿರುತ್ತದೆ ಎಂಬುದು ನನಗೆ ಗೊತ್ತಾಗುವ ಹೊತ್ತಿಗೆ ನಲವತ್ತು ದಾಟಿತ್ತು. ನಾನು ಗುಬ್ಬಿಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರು. ಕರಿಹಲಗೆಯ ಮೇಲೆ ಎರಡು ಕಿಡ್ನಿ ಬರೆದು, ಬಾಣ ಎಳೆದು, ಭಾಗಗಳನ್ನು ಗುರುತಿಸಿ ಎಂದು ಹದಿನೆಂಟು ವರ್ಷ ಮಕ್ಕಳ ಪ್ರಾಣ ತಿಂದಿದ್ದೆ. ನನ್ನ ಹಲಗೆಯ ಮೇಲಿನ ಕಿಡ್ನಿ ಒಂದು ದಿನವೂ ಅಲ್ಲಾಡಿರಲಿಲ್ಲ. ಹಾಗಾಗಿ ಬೆಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಅಪ್ಪನ ಹೊಟ್ಟೆಯ ಸ್ಕ್ಯಾನನ್ನು ಕಂಪ್ಯೂಟರಿನಲ್ಲಿ ಸಿನಿಮಾದ ಥರ ಓಡಿಸಿ ತೋರಿಸಿದಾಗ ನಾನು ಬಂದ ಕೆಲಸವನ್ನೇ ಮರೆತು, "ಅಯ್ಯೋ, ಇದು ಓಡಾಡುತ್ತಲ್ಲ ಸಾರ್!" ಎಂದುಬಿಟ್ಟೆ.

ಡಾಕ್ಟರು ನಕ್ಕರು. "ಎಲ್ಲರದ್ದೂ ಓಡಾಡುತ್ತೆ ಮೇಡಂ. ನಿಮ್ಮದೂ ಈಗ ಓಡಾಡ್ತಾ ಇದೆ."

ನಾನು ಗೊತ್ತಿಲ್ಲದೆಯೇ ಸೊಂಟ ಮುಟ್ಟಿ ನೋಡಿಕೊಂಡೆ. ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ಅಪ್ಪನ ಜಠರದಲ್ಲಿ ಗಡ್ಡೆ ಕಾಣಿಸಿಕೊಂಡು, ಆರು ತಿಂಗಳು ಡ್ರಿಪ್ಪಿನ ಔಷಧಿ ಹಾಕಿಸಿ, ಕೂದಲೆಲ್ಲ ಉದುರಿ, ಮತ್ತೆ ಎಳೆ ಕೂದಲು ಬರುತ್ತಿದ್ದ ಸಮಯ. ಉಳಿದಿರುವುದನ್ನು ಕಿರಣ ಬಿಟ್ಟು ಸುಡಬೇಕು, ಇಪ್ಪತ್ತು ದಿನ ಬಂದರೆ ಸಾಕು, ಗುಣವಾಗುವ ಜಾತಿಯ ಕಾಯಿಲೆ ಎಂದು ಡಾಕ್ಟರು ಧೈರ್ಯ ಹೇಳಿದ್ದರು. ತೊಡಕು ಇದ್ದದ್ದು ಬೇರೆ ಕಡೆ. ಕಿರಣ ನಿಂತ ಕಡೆ ನಿಂತಿರುತ್ತದೆ, ಹೊಟ್ಟೆ ನಿಲ್ಲುವುದಿಲ್ಲ. ಉಸಿರು ಎಳೆದಾಗ ಎದೆಗೂ ಹೊಟ್ಟೆಗೂ ನಡುವಿನ ಪರದೆ, ಅಂದರೆ ವಪೆ, ಕೆಳಗೆ ತಳ್ಳುತ್ತದೆ, ಜಠರ, ಲಿವರ್, ಕಿಡ್ನಿ ಎಲ್ಲವೂ ಒಂದರ ಹಿಂದೊಂದು ಜಾರುತ್ತವೆ. ಗಡ್ಡೆ ಇದ್ದ ಜಾಗಕ್ಕೆ ಒಳ್ಳೆಯ ಅಂಗ ಬಂದು ಕೂತರೆ ಏಟು ಅದಕ್ಕೇ.

ಅಪ್ಪನಿಗೆ ಇದ್ದದ್ದು ಒಂದೇ ಕಿಡ್ನಿ, ಬಲಗಡೆಯದು. ಎಡಗಡೆಯದು ತೊಂಬತ್ತಾರರ ಸುಮಾರಿಗೇ ಹೋಗಿತ್ತು. ಹೋಗಿತ್ತು ಅನ್ನುವುದಕ್ಕಿಂತ ಅಪ್ಪನೇ ಕಳೆದುಕೊಂಡ ಅನ್ನಬೇಕು. ಎಂಟು ತಿಂಗಳು ಸೊಂಟ ನೋವನ್ನು ಯಾರಿಗೂ ಹೇಳದೆ ನುಂಗಿದ್ದ. ಕುಣಿಗಲ್‌ನ ಕುದುರೆ ಫಾರಂನಲ್ಲಿ ಕುದುರೆ ನೋಡಿಕೊಳ್ಳುವ ಕೆಲಸ ಅವನದು. ಯಾರಾದರೂ ಕೇಳಿದರೆ "ಹೆಣ್ಗುದ್ರೆ ಒದ್ದದ್ದು ಕಣ್ಬುಡು, ವಾಸಿ ಆಯ್ತದೆ" ಅನ್ನುತ್ತಿದ್ದ. ಕೊನೆಗೆ ಅವ್ವ ಬಚ್ಚಲಲ್ಲಿ ರಕ್ತ ಕಂಡು ಹೆದರಿ ನನಗೆ ಫೋನು ಮಾಡಿಸಿದಳು. ತುಮಕೂರಿನಲ್ಲಿ ಸ್ಕ್ಯಾನ್ ಮಾಡಿಸಿದರೆ ಕಲ್ಲು ಅಡ್ಡ ಕೂತು ಕಿಡ್ನಿ ಒಣಗಿದ ಅಂಜೂರದಷ್ಟಾಗಿತ್ತು. "ಮೊದಲೇ ಬಂದಿದ್ದರೆ ಉಳಿಸಬಹುದಿತ್ತು" ಎಂದು ಅಲ್ಲಿನ ಡಾಕ್ಟರು ಹೇಳಿದಾಗ ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲೇ, "ನಿನ್ನ ಬಾಯಿಗೇನು ಹೊಲಿಗೆ ಹಾಕಿದ್ರಾ?" ಎಂದು ಕೂಗಾಡಿದ್ದೆ. ಅಪ್ಪ ತಲೆ ತಗ್ಗಿಸಿ ಚಪ್ಪಲಿ ನೋಡುತ್ತಾ ನಿಂತಿದ್ದ.

ಈಗ ಡಾಕ್ಟರು ಹೇಳಿದ ಉಪಾಯ ಸುಲಭದ್ದು. ಹೊಟ್ಟೆಗೆ ಅಗಲವಾದ ಪಟ್ಟಿ ಬಿಗಿದು, ಪಕ್ಕೆಲುಬಿನ ಕೆಳಗೆ ಮೆತ್ತಗೆ ಒತ್ತಿ ಹಿಡಿಯುವುದು. ಆಗ ಹೊಟ್ಟೆ ಉಬ್ಬುವುದಕ್ಕೆ ಜಾಗವಿರುವುದಿಲ್ಲ, ಉಸಿರು ಎದೆಯ ಮೇಲುಗಡೆಯೇ ಸಣ್ಣಗೆ ಆಡುತ್ತದೆ, ಒಳಗಿರುವವರೆಲ್ಲ ಅವರವರ ಜಾಗದಲ್ಲಿ ಹೆಚ್ಚು ಕಡಿಮೆ ಇರುತ್ತಾರೆ. ಪಟ್ಟಿಯ ಮೇಲೆ ಅಂಕಿಗಳಿರುತ್ತವೆ. ಮೊದಲ ದಿನ ಯಾವ ಅಂಕಿಗೆ ಬಿಗಿದರೋ ಇಪ್ಪತ್ತು ದಿನವೂ ಅದೇ ಅಂಕಿ. ಕೇಳುತ್ತಿದ್ದ ಹಾಗೆ ನನಗೆ ಭಲೇ ಅನ್ನಿಸಿತು. ಇಷ್ಟು ದೊಡ್ಡ ಮೆಷಿನ್ನು, ಅದರ ಮುಂದೆ ಒಂದು ಸೊಂಟದ ಪಟ್ಟಿ.

ಪಟ್ಟಿ ಕಟ್ಟಿದವಳು ಮೆಷಿನ್ನು ನೋಡಿಕೊಳ್ಳುವ ಹುಡುಗಿ. ಹೆಬ್ಬೂರು ಕಡೆಯವಳು, ಇಪ್ಪತ್ತೈದು ಇಪ್ಪತ್ತಾರು ವಯಸ್ಸು. ಅಪ್ಪನನ್ನು ತಾತ ಎಂದು ಕರೆದು, ಪಟ್ಟಿ ಬಿಗಿದು, ಸ್ಕ್ಯಾನ್ ಮಾಡಿದಳು. ಡಾಕ್ಟರು ಪರದೆ ನೋಡಿ ಹುಬ್ಬು ಗಂಟಿಕ್ಕಿದರು. ಪಟ್ಟಿ ಇಲ್ಲದಾಗ ಕಿಡ್ನಿ ಎಷ್ಟು ಜಾರುತ್ತಿತ್ತೋ ಪಟ್ಟಿ ಕಟ್ಟಿದ ಮೇಲೂ ಅಷ್ಟೇ ಜಾರುತ್ತಿತ್ತು. ಬಿಚ್ಚಿ ಮತ್ತೆ ಕಟ್ಟಿದಳು. ಅದೇ ಕಥೆ. ಮೂರನೇ ಸಲವೂ ಅದೇ.

"ಹೀಗೇ ಆದರೆ ಕಿರಣ ಬಿಡೋ ಜಾಗ ದೊಡ್ಡದು ಮಾಡಬೇಕಾಗತ್ತೆ. ಕಿಡ್ನಿ ಅದರೊಳಗೆ ಬಂದ್ಬಿಡತ್ತೆ. ಎರಡಿದ್ದಿದ್ದರೆ ಯೋಚನೆ ಮಾಡ್ತಿರಲಿಲ್ಲ. ಒಂದೇ ಇರೋರಿಗೆ ನಾನು ಧೈರ್ಯ ಮಾಡಲ್ಲ ಮೇಡಂ" ಎಂದರು ಡಾಕ್ಟರು. ಅವತ್ತು ಶುಕ್ರವಾರ. ಎರಡು ದಿನ ಮನೆಯಲ್ಲಿ ಸಣ್ಣ ಉಸಿರು ಅಭ್ಯಾಸ ಮಾಡಿಸಿ, ಸೋಮವಾರ ಕೊನೆಯ ಸಲ ನೋಡೋಣ, ಆಗದಿದ್ದರೆ ರೇಡಿಯೇಷನ್ ಕೈಬಿಡಬೇಕಾಗುತ್ತದೆ ಎಂದರು.

ಅಂದರೆ ಕಿಡ್ನಿ ಉಳಿಸಬೇಕಾದರೆ ಗಡ್ಡೆ ಬಿಡಬೇಕು, ಗಡ್ಡೆ ಸುಡಬೇಕಾದರೆ ಕಿಡ್ನಿ ಬಿಡಬೇಕು. ನನ್ನ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ. ಡಾಕ್ಟರ ಮೇಲೆ ಹಾರುವ ಹಾಗಿರಲಿಲ್ಲ, ಹುಡುಗಿ ಕೈಗೆ ಸಿಕ್ಕಳು. "ಇಷ್ಟೆಲ್ಲ ಓದಿದ್ದೀಯ, ಒಂದು ಬೆಲ್ಟು ನೆಟ್ಟಗೆ ಕಟ್ಟೋಕೆ ಬರಲ್ವಾ ನಿಂಗೆ? ಯಾರಮ್ಮ ನಿಂಗೆ ಕೆಲಸ ಕೊಟ್ಟಿದ್ದು?" ಎಂದು ಎಲ್ಲರ ಎದುರಿಗೆ ಅಂದುಬಿಟ್ಟೆ. ಅವಳ ಮುಖ ಕೆಂಪಾಯಿತು. "ಸರಿಯಾಗೇ ಕಟ್ಟಿದೀನಿ ಮೇಡಂ" ಅಂದಳು, ಅಷ್ಟೇ. ಅಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಏನೂ ಕೇಳಿಸದವನ ಹಾಗೆ ಗೋಡೆ ನೋಡುತ್ತಿದ್ದ.

ವಾಪಸು ರೈಲಿನಲ್ಲಿ ನನಗೆ ಬೇರೆ ಏನೂ ಕಾಣಲಿಲ್ಲ, ಬರೀ ಹೊಟ್ಟೆಗಳು. ಎದುರಿನ ಸೀಟಿನಲ್ಲಿ ನಿದ್ದೆ ಹೋದ ಗುಮಾಸ್ತನದು ಬೆಲ್ಟಿನ ಮೇಲೆ ಏಳುತ್ತಿತ್ತು, ಬೀಳುತ್ತಿತ್ತು. ಕಡಲೆಕಾಯಿ ತಿನ್ನುತ್ತಿದ್ದ ಹೆಂಗಸಿನದು ಅಲ್ಲಾಡುತ್ತಲೇ ಇರಲಿಲ್ಲ, ಅವಳ ಕತ್ತಿನ ಬುಡ ಅಲ್ಲಾಡುತ್ತಿತ್ತು. ತಾಯಿಯೊಬ್ಬಳ ಮಡಿಲಲ್ಲಿದ್ದ ಕೂಸೊಂದು ಇಡೀ ಮೈಯಿಂದ ಉಸಿರಾಡುತ್ತಿತ್ತು. ಇಷ್ಟು ವರ್ಷ ಸೀಸೆಯೊಳಗೆ ಬಲೂನು ಕಟ್ಟಿ, ತಳಕ್ಕೆ ರಬ್ಬರ್ ಹಾಳೆ ಬಿಗಿದು, ಹಾಳೆ ಕೆಳಗೆ ಎಳೆದರೆ ಬಲೂನು ಉಬ್ಬುತ್ತದೆ ನೋಡಿ ಮಕ್ಕಳೇ ಎಂದು ತೋರಿಸಿದ್ದೆ. ಹಾಳೆಯ ಕೆಳಗೆ ಏನಾಗುತ್ತದೆ ಎಂದು ನಾನೂ ಕೇಳಿರಲಿಲ್ಲ, ಮಕ್ಕಳೂ ಕೇಳಿರಲಿಲ್ಲ. ನನ್ನ ಸೀಸೆಯಲ್ಲಿ ಹಾಳೆಯ ಕೆಳಗೆ ಹೊಟ್ಟೆಯೇ ಇರಲಿಲ್ಲವಲ್ಲ!

ಅಪ್ಪ ಅವ್ವ ಇಬ್ಬರೂ ಆಗ ತುಮಕೂರಿನ ಪಕ್ಕದ ಮರಳೂರಿನ ನಮ್ಮ ಮನೆಯಲ್ಲೇ ಇದ್ದರು. ಶನಿವಾರ ಸ್ಕೂಲು ಮುಗಿಸಿಕೊಂಡು ಬಂದವಳೇ ಅಪ್ಪನನ್ನು ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿಸಿದೆ. ಅವ್ವನ ಹಳೆಯ ಹತ್ತಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಪಟ್ಟಿ ಮಾಡಿಕೊಂಡೆ. ಸ್ಟೀಲ್ ಲೋಟವೊಂದನ್ನು ಹೊಟ್ಟೆಯ ಮೇಲೆ ಇಟ್ಟು, ಅದು ಅಲ್ಲಾಡದ ಹಾಗೆ ಉಸಿರಾಡು ಅಂದೆ. ಅಪ್ಪ ಆಡಿದ. ಲೋಟ ನಿಂತೇ ಇತ್ತು. ಸಣ್ಣ ಉಸಿರು ಅವನಿಗೆ ಕಷ್ಟವೇ ಅಲ್ಲ!

"ಎಲ್ಲಿ ಕಲಿತೆ ಇದನ್ನ?"

"ಈದ ಕುದ್ರೆ ಹತ್ರ ನಿಂತ್ಕಂಡಾಗ ಹಿಂಗೇ ಉಸ್ರಾಡ್ಬೇಕು ಕಣವ್ವ. ಜೋರಾಗ್ ಬುಟ್ರೆ ತಾಯಿ ಬೆದ್ರುತ್ತೆ."

ಹಾಗಾದರೆ ತೊಡಕು ಉಸಿರಿನದಲ್ಲ. ಸೀರೆ ಸುತ್ತಿ, ಮಂಡಿಯೂರಿ, ಶಕ್ತಿಯೆಲ್ಲ ಬಿಟ್ಟು ಎಳೆದು ಗಂಟು ಹಾಕಿದೆ. ಅವ್ವ, "ಏನ್ಲೇ, ಹುಲ್ಲಿನ್ ಹೊರೆ ಕಟ್ದಂಗ್ ಕಟ್ತೀಯಲ್ಲೇ ನಿಮ್ಮಪ್ಪನ್ನ" ಎಂದು ಬೈದಳು. ಸುಧಾರಿಸಿಕೊಳ್ಳಲು ಒಂದು ನಿಮಿಷ ಕೂತು ನೋಡಿದರೆ ಪಟ್ಟಿಯ ಕೆಳಗೆ ನನ್ನ ಎರಡು ಬೆರಳು ಸಲೀಸಾಗಿ ಹೋದವು. ನಾನು ಗಂಟು ಹಾಕಿದ್ದು ಎರಡು ಬೆರಳ ಸಡಿಲಕ್ಕಲ್ಲ. ಬಿಚ್ಚಿ ಮತ್ತೆ ಬಿಗಿದೆ. ಈ ಸಲ ಗಂಟಿನ ಕಡೆ ನೋಡದೆ ಅಪ್ಪನ ಹೊಟ್ಟೆಯ ಕಡೆ ನೋಡಿದೆ. ಸೀರೆಯ ಸೆರಗು ಎಳೆಯುವುದಕ್ಕೂ ಮೊದಲೇ ಅಪ್ಪನ ಹೊಟ್ಟೆ ಮೆಲ್ಲಗೆ ಮೇಲೆದ್ದು ಗಟ್ಟಿಯಾಗಿ ನಿಂತಿತು. ಗಂಟು ಬಿದ್ದ ಮೇಲೆ ಮೆಲ್ಲಗೆ ಕೆಳಗಿಳಿಯಿತು.

ಇದನ್ನು ನಾನು ನೋಡಿದ್ದೆ. ಚಿಕ್ಕವಳಿದ್ದಾಗ ಅಪ್ಪನಿಗೆ ಬುತ್ತಿ ತಗೊಂಡು ಫಾರಂಗೆ ಹೋದರೆ ಬೇಲಿಯ ಆಚೆ ನಿಂತು ಗಂಟೆಗಟ್ಟಲೆ ನೋಡುತ್ತಿದ್ದೆ. ಕುದುರೆಗೆ ಜೀನು ಹಾಕಿ ಹೊಟ್ಟೆಯ ಕೆಳಗೆ ಪಟ್ಟಿ ಬಿಗಿಯುವಾಗ ಕೆಲವು ಕುದುರೆಗಳು ಗಾಳಿ ತುಂಬಿಕೊಂಡು ಹೊಟ್ಟೆ ಉಬ್ಬಿಸಿ ನಿಲ್ಲುತ್ತವೆ. ಪಟ್ಟಿ ಬಿಗಿಯಾಯಿತು ಎಂದು ನಂಬಿ ಮೇಲೆ ಹತ್ತಿದವನು ಗಾಳಿ ಬಿಟ್ಟ ಕೂಡಲೇ ಜೀನಿನ ಸಮೇತ ಪಕ್ಕಕ್ಕೆ ಜಾರಿ ಬೀಳುತ್ತಾನೆ. ಅಪ್ಪ ಮಾತ್ರ ಮೋಸ ಹೋಗುತ್ತಿರಲಿಲ್ಲ.

"ಅಪ್ಪಾ, ಹೊಟ್ಟೆ ಉಬ್ಬಿಸ್ತಿದ್ದೀಯ ನೀನು!"

"ಇಲ್ಲ ಕಣವ್ವ" ಅಂದ ಅಪ್ಪ, ಎರಡೂ ಕೈ ಹೊಟ್ಟೆಯ ಮೇಲೆ ಇಟ್ಟುಕೊಂಡು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

ನನಗೆ ನಗು ತಡೆಯಲಾಗಲಿಲ್ಲ, ಅವ್ವನೂ ನಕ್ಕಳು, ಅಪ್ಪನೂ ಸ್ವಲ್ಪ ನಕ್ಕ. ನಗು ಮುಗಿಯುತ್ತಿದ್ದ ಹಾಗೆ ಸಿಟ್ಟು ಏರಿತು. ಒಂದು ಕಿಡ್ನಿಯನ್ನು ಬಾಯಿ ಮುಚ್ಚಿಕೊಂಡು ಕಳೆದದ್ದು ಸಾಲದೆ ಇನ್ನೊಂದನ್ನು ಹೊಟ್ಟೆ ಉಬ್ಬಿಸಿಕೊಂಡು ಕಳೆಯಲು ಹೊರಟಿದ್ದಾನಲ್ಲ ಈ ಮನುಷ್ಯ! "ಆ ಹುಡುಗಿಗೆ ನಾನು ಬಾಯಿಗೆ ಬಂದಂಗೆ ಬೈತಿದ್ರೆ ಪಕ್ಕದಲ್ಲೇ ನಿಂತಿದ್ದೆಯಲ್ಲ, ಹೇಳೋಕಾಗ್ತಿರಲಿಲ್ವಾ?" ಎಂದು ಕೂಗಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದು ನಾನೇ ಎಂಬುದು ಕೂಗುವಾಗಲೇ ನೆನಪಾಗಿ ಇನ್ನೂ ಸಿಟ್ಟು ಬಂತು.

"ಬೇಕು ಅಂತ ಮಾಡ್ಲಿಲ್ಲ ಕಣವ್ವ. ಪಟ್ಟಿ ಎಳೀತಾರೆ ಅಂದ್ರೆ ಅದಾಗದೇ ಉಬ್ಕಂತೈತೆ."

ಸೀರೆಯ ಗಂಟು ಬಿಚ್ಚಿದ ಮೇಲೆ ನಾನೇ ತಣ್ಣಗಾಗಿ ಕೇಳಿದೆ. ನಿಜವಾಗಿಯೂ ತಿಳಿದುಕೊಳ್ಳಬೇಕು ಅನ್ನಿಸಿತ್ತು. "ಕುದುರೆ ಯಾಕಪ್ಪ ಹಂಗೆ ಮಾಡುತ್ತೆ?"

"ಒಂದ್ಸಲ ಯಾರೋ ಅವಸ್ರದಲ್ಲಿ ಜೋರಾಗ್ ಎಳ್ದಿರ್ತಾರೆ. ನೋವಾಗಿರ್ತೈತೆ. ಮುಂದುಕ್ಕೆ ಉಸ್ರಾಡಾಕೆ ಜಾಗ ಇರಲ್ವೇನೋ ಅಂತ ಒಂಚೂರು ಬಚ್ಚಿಟ್ಕಂತೈತೆ. ಹೆದ್ರಿಕೆ ಅದುಕ್ಕೆ."

"ನಿಂಗೆ?"

ಅಪ್ಪ ಸೀರೆಯನ್ನು ಮಡಿಸುತ್ತಾ ಕೂತ. ಮಡಿಸಿದ್ದನ್ನು ಪಕ್ಕಕ್ಕೆ ಇಟ್ಟು, "ಕುದ್ರೆ ವಿಸ್ಯ ಹೇಳ್ದೆ ಕಣವ್ವ" ಅಂದ.

ಸೋಮವಾರ ಆಸ್ಪತ್ರೆಯಲ್ಲಿ ಮೊದಲು ಆ ಹುಡುಗಿಯನ್ನು ಹುಡುಕಿಕೊಂಡು ಹೋದೆ. ತಪ್ಪು ಒಪ್ಪಿಕೊಳ್ಳುವುದು ನನಗೆ ಅಭ್ಯಾಸವಿಲ್ಲದ ವಿದ್ಯೆ. "ಅವತ್ತು ಅಂದಿದ್ದನ್ನ ಹೊಟ್ಟೆಗೆ ಹಾಕ್ಕೋಮ್ಮ, ತಪ್ಪು ನಮ್ಮಪ್ಪಂದು, ಅದಕ್ಕಿಂತ ಜಾಸ್ತಿ ನಂದು" ಎಂದು ಕುದುರೆಯ ಕಥೆಯನ್ನೆಲ್ಲ ಹೇಳಿದೆ. ಅವಳು ಕೇಳಿ, ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕು, ನೇರವಾಗಿ ಅಪ್ಪನ ಹತ್ತಿರ ಹೋದಳು.

"ತಾತ, ಹೊಟ್ಟೆ ಉಬ್ಸೋ ಕುದ್ರೆಗೆ ನೀವ್ ಹೆಂಗ್ ಪಟ್ಟಿ ಕಟ್ತಿದ್ರಿ?"

ಅಪ್ಪನನ್ನು ಆ ಆಸ್ಪತ್ರೆಯಲ್ಲಿ ಅವನಿಗೆ ಗೊತ್ತಿರುವ ವಿಷಯ ಕೇಳಿದವಳು ಅವಳೊಬ್ಬಳೇ. ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳಿದ. "ಮೊದ್ಲು ಸಡ್ಲುಕ್ ಹಾಕ್ಬೇಕು ಕಣವ್ವ. ನಾಕೆಜ್ಜೆ ನಡಸ್ಬೇಕು. ಏನಾರ ಮಾತಾಡ್ಸ್ತಾ ಇರ್ಬೇಕು. ಕಿವಿ ಸಡ್ಲ ಬುಡ್ತೈತಲ್ಲ, ಉಸ್ರು ಆಚಿಕ್ ಬುಟ್ಟಾಗ ಒಂದ್ ತೂತು. ಇನ್ನೊಂದ್ಸಲ ಬುಟ್ಟಾಗ ಇನ್ನೊಂದ್ ತೂತು. ಯಾವತ್ತೂ ಒಂದೇ ಏಟ್ಗೆ ಎಳೀಬಾರ್ದು."

ಅವಳು ಹಾಗೆಯೇ ಮಾಡಿದಳು. ಪಟ್ಟಿಯನ್ನು ಸಡಿಲಕ್ಕೆ ಸುತ್ತಿ, ಅಪ್ಪನ ತೋಳು ಹಿಡಿದು ಮೆಷಿನ್ನಿನ ರೂಮಿನಲ್ಲಿ ಎರಡು ಸುತ್ತು ನಡೆಸಿದಳು. ಮಲಗಿಸಿ, ಹೆಬ್ಬೂರಿನಲ್ಲಿ ಅವರಪ್ಪ ರಾಗಿ ಬಿತ್ತಿರುವುದು, ಮನೆಯ ಹಸು ಗಬ್ಬವಾಗಿರುವುದು ಎಲ್ಲ ಹೇಳಿದಳು. ಅಪ್ಪ ಹಸುವಿಗೆ ಎಷ್ಟು ತಿಂಗಳು ಎಂದು ಕೇಳುತ್ತಾ ಉಸಿರು ಬಿಟ್ಟ. ಒಂದು ಅಂಕಿ. ಹಿಂಡಿ ಏನು ಹಾಕುತ್ತೀರಿ ಅಂದ. ಇನ್ನೊಂದು ಅಂಕಿ. ಸ್ಕ್ಯಾನ್ ಓಡಿಸಿದ ಡಾಕ್ಟರು ನನ್ನನ್ನು ಒಳಗೆ ಕರೆದು ತೋರಿಸಿದರು. ಶುಕ್ರವಾರ ಎರಡು ಬೆರಳಿನಷ್ಟು ಜಾರುತ್ತಿದ್ದ ಕಿಡ್ನಿ ಈಗ ಇದ್ದ ಕಡೆಯೇ ಸಣ್ಣಗೆ ಮಿಸುಕುತ್ತಿತ್ತು. ನನಗೆ ಕಣ್ಣಲ್ಲಿ ನೀರು ಬಂತು. ಟೀಚರುಗಳು ಪರದೆಯ ಮುಂದೆ ಅಳಬಾರದು ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ.

ಇಪ್ಪತ್ತು ದಿನ ಹೋಗಿ ಬಂದೆವು. ನನಗೆ ರಜೆ ಸಿಗದ ದಿನ ಅವ್ವ ಜೊತೆಗೆ ಹೋಗುತ್ತಿದ್ದಳು. ಹೊಟ್ಟೆ ಖಾಲಿ ಇರಬೇಕು ಎಂದು ನೂರು ಸಲ ಹೇಳಿದ್ದರೂ ಒಂದು ದಿನ ಪಾಪ ಎಂದು ರೈಲಿನಲ್ಲಿ ಎರಡು ಲೋಟ ರಾಗಿ ಅಂಬಲಿ ಕುಡಿಸಿದ್ದಾಳೆ. ದಿನವೂ ಕಿರಣ ಬಿಡುವ ಮೊದಲು ಒಂದು ಚಿತ್ರ ತೆಗೆದು ಹಿಂದಿನದಕ್ಕೆ ಹೊಂದಿಸಿ ನೋಡುವುದು ಪದ್ಧತಿ. ಹುಡುಗಿ ಆಚೆ ಬಂದು, "ಅಜ್ಜಿ, ತಾತಂಗೆ ಏನ್ ಕೊಟ್ರಿ?" ಎಂದು ಕೇಳಿದಳಂತೆ. "ಅಂಬ್ಲಿ ಕುಡ್ದಿದ್ದೂ ಕಾಣ್ತೈತಂತೆ ಕಣೇ ಅದ್ರಲ್ಲಿ!" ಎಂದು ಅವ್ವ ಮನೆಗೆ ಬಂದು ಅಕ್ಕಪಕ್ಕದವರಿಗೆಲ್ಲ ಹೇಳಿದಳು. ಅವತ್ತು ಎರಡು ಗಂಟೆ ಕಾಯಿಸಿ ಆಮೇಲೆ ಕಿರಣ ಬಿಟ್ಟರು. ನಾನು ಗುಬ್ಬಿಯಲ್ಲಿ ಸೀಸೆಯ ಬದಲು ಮಕ್ಕಳನ್ನೇ ಬೆಂಚಿನ ಮೇಲೆ ಮಲಗಿಸಿ, ಹೊಟ್ಟೆಯ ಮೇಲೆ ಡಸ್ಟರ್ ಇಟ್ಟು ಪಾಠ ಮಾಡಿದೆ. ಹೆಡ್ಮಾಸ್ಟರು ಕಿಟಕಿಯಲ್ಲಿ ಇಣುಕಿ ನೋಡಿ ಹೋದರು.

ಗಡ್ಡೆ ಹೋಯಿತು. ಅಪ್ಪ ಅವ್ವ ಕುಣಿಗಲ್ಲಿಗೆ ವಾಪಸು ಹೋದರು. ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ಮಾಡಿಸುತ್ತಿದ್ದೆವು, ಕಿಡ್ನಿ ಎಂದಿನಂತೆಯೇ ಕೆಲಸ ಮಾಡುತ್ತಿತ್ತು. ವರ್ಷ ಕಳೆಯಿತು. ಗೆದ್ದೆವು ಎಂದೇ ನಾನು ತಿಳಿದಿದ್ದೆ.

ಒಂದು ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಎರಡನೇ ಪೀರಿಯಡ್ಡು ಮುಗಿಸಿ ಸ್ಟಾಫ್ ರೂಮಿಗೆ ಬಂದಾಗ ಮೊಬೈಲಿನಲ್ಲಿ ಅಪ್ಪ. ಅವನು ತಾನಾಗಿ ಫೋನು ಮಾಡಿದವನೇ ಅಲ್ಲ, ಅವ್ವ ಮಾತಾಡಿ ಕೊನೆಗೆ ಕೈಗೆ ಕೊಟ್ಟರೆ "ಹೂಂ, ಚೆನ್ನಾಗಿದೀನಿ" ಎಂದು ವಾಪಸು ಕೊಡುವವನು.

"ಬೆಳಿಗ್ಗೆಯಿಂದ ಉಚ್ಚೆ ಆಗ್ಲಿಲ್ಲ ಕಣವ್ವ. ಬಲ್ಗಡೆ ಸೊಂಟ ಹಿಡ್ಕಂಡೈತೆ."

"ಎಷ್ಟು ದಿನದಿಂದಪ್ಪ?" ಅಂದೆ.

"ದಿನ ಅಲ್ಲ, ಇವತ್ ಬೆಳಿಗ್ಗೆಯಿಂದ. ಹೆದ್ರಿಕೆ ಆಯ್ತಾ ಐತೆ ಕಣ್ಮಗ. ಬೇಗ ಬಾ."

ಎಪ್ಪತ್ತು ದಾಟಿದ್ದ ಅಪ್ಪನ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಅವ್ವನಿಗೆ ಹೇಳಿ ಅವನನ್ನು ಆಟೋದಲ್ಲಿ ಬಸ್ ಸ್ಟ್ಯಾಂಡಿಗೆ, ಅಲ್ಲಿಂದ ತುಮಕೂರಿಗೆ ಕರೆಸಿಕೊಂಡೆ. ನಾನು ಗುಬ್ಬಿಯಿಂದ ಓಡಿ ಬಂದೆ. ಹೊಸ ಕಲ್ಲೊಂದು ಜಾರಿ, ಇದ್ದ ಒಂದೇ ದಾರಿಗೆ ಅಡ್ಡ ಕೂತಿತ್ತು. ಸಂಜೆಯೊಳಗೆ ನಳಿಕೆ ಹಾಕಿ ದಾರಿ ಬಿಡಿಸಿದರು. "ನಾಲ್ಕು ದಿನ ಸುಮ್ಮನಿದ್ದಿದ್ದರೆ ಇದೂ ಹೋಗ್ತಿತ್ತು, ಒಳ್ಳೇ ಟೈಮಿಗೆ ಹೇಳಿದ್ದಾರೆ" ಎಂದರು ಡಾಕ್ಟರು.

ನಾನು ವಾರ್ಡಿಗೆ ಹೋಗಿ ಮಂಚದ ಪಕ್ಕ ಕೂತೆ. ಅಪ್ಪ ಕಣ್ಣು ಬಿಟ್ಟು ನನ್ನನ್ನು ನೋಡಿದ.

"ಇನ್ನೂ ನೋಯ್ತೈತೆ ಕಣವ್ವ" ಅಂದ.

"ಎಲ್ಲಪ್ಪ?" ಅಂದೆ.

ನನ್ನ ಕೈ ಹಿಡಿದು, ನೋಯುವ ಜಾಗದ ಮೇಲೆ ತಾನೇ ಇಟ್ಟುಕೊಂಡ.